ಗಾಳಿಯಂತ್ರದ ರೆಕ್ಕೆಯೂ ನನ್ನ ಜಗಲಿಯೂ

ನಮ್ಮ ಅಜ್ಜಂಪುರದವರು ಯಾವಾಗ ಬೇಕಾದರೂ ಬಾಯಿಗೆ ಬೀಗ ಹಾಕಿಕೊಂಡಾರು, ಲಾರಿ ತಿರುಗುವಾಗ ಮಾತ್ರ ಸಾಧ್ಯವಿಲ್ಲ. ಸ್ಟಿಯರಿಂಗ್ ಮುಟ್ಟಿ ನೋಡದವರೂ "ಬರ್ಲಿ, ಬರ್ಲಿ, ರೈಟ್ ಹೊಡಿ" ಎಂದು ಕೈ ಬೀಸುತ್ತೇವೆ. ನಾನಂತೂ ರಿಟೈರಾದ ಮೇಷ್ಟ್ರು. ಈ ಚಪಲ ನನಗೆ ಒಂದು ತೂಕ ಹೆಚ್ಚೇ.

ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಏಳತೊಡಗಿದ ಮೇಲೆ ಊರಿಗೆ ಹಬ್ಬದ ಕಳೆ ಬಂದಿದೆ. ಹಳೇ ಟ್ರಂಕು ತುಂಬಿದ್ದ ಮಹಡಿ ರೂಮುಗಳಲ್ಲೆಲ್ಲ ಈಗ ಎಂಜಿನಿಯರುಗಳು. ಬೆಳಗಿನ ಇಡ್ಲಿ ಮುಗಿದರೆ ಬಾಗಿಲು ಹಾಕುತ್ತಿದ್ದ ಹೋಟೆಲಿನಲ್ಲಿ ರಾತ್ರಿಯೂ ಬಿಸಿ ಚಪಾತಿ. ಸಿಂಗಟಗೆರೆಯ ನನ್ನ ಷಡ್ಡಕನ ಹೊಲದಲ್ಲಿ ಒಂದು ಫ್ಯಾನು ನಿಂತಿದ್ದೇ ತಡ, ಅವನು ಫೋನೆತ್ತಿದರೆ "ಹಲೋ" ಬದಲು "ನಿಮ್ಕಡೆ ಗಾಳಿ ಹೆಂಗೈತೆ?" ಅನ್ನುತ್ತಾನೆ. ನನಗೂ ಖುಷಿಯೇ ಇತ್ತು, ವಿಷಯ ನನ್ನ ಜಗಲಿಯವರೆಗೆ ಬರುವ ತನಕ.

ನಮ್ಮದು ತಿರುವಿನ ಮನೆ. ಬೀದಿಯುದ್ದದ ರೆಕ್ಕೆ ಹೊತ್ತ ಲಾರಿ ಅಲ್ಲಿ ತಿರುಗಬೇಕು, ಜಗಲಿ ಒಡೆಯಲು ಒಪ್ಪಿಗೆ ಕೊಡಿ ಎಂದು ಕಂಪನಿಯವರು ಬಂದರು. ಟೈಲರ್ ರೆಹಮತ್ ಸಾಬರೂ ನಾನೂ ದಿನಾ ಸಂಜೆ ಆ ಜಗಲಿಯ ಮೇಲೆ ಕೂತೇ ಊರು ನಡೆಸುವುದು. ನಮ್ಮ ಸ್ನೇಹ ಬೆಳೆದದ್ದೇ ಆ ಕಲ್ಲಿನ ಮೇಲೆ. "ಪ್ರಾಣ ಬೇಕಾದ್ರೆ ಕೊಡಿ ಮೇಷ್ಟ್ರೇ, ಜಗಲಿ ಕೊಡ್ಬ್ಯಾಡಿ" ಎಂದರು ಸಾಬರು. ನನ್ನ ಹೆಂಡತಿ ಗಿರಿಜೆ ಮಾತ್ರ, "ಹೋಗ್ಲಿ ಬಿಡ್ರೀ, ನಂಗೆ ಟೀ ಕಾಸೋದಾದ್ರೂ ತಪ್ಪುತ್ತೆ" ಎಂದಳು. ಒಂದು ಕಲ್ಲನ್ನೂ ಮುಟ್ಟಗೊಡುವುದಿಲ್ಲ ಎಂದು ನಾನು ಖಡಾಖಂಡಿತವಾಗಿ ಹೇಳಿದೆ. ಹಾಗಾದರೆ ಜಗಲಿ ತಪ್ಪಿಸಿಕೊಂಡೇ ತಿರುಗಿಸಿ ನೋಡುತ್ತೇವೆ ಎಂದು ಅವರು ಹೋದರು.

ಲಾರಿ ಬಂದ ಬೆಳಿಗ್ಗೆ ಇಡೀ ಊರು ರಸ್ತೆಯಲ್ಲಿತ್ತು. ಕಾವಲಿಗೆಂದು ಜಗಲಿಯ ಮೇಲೆ ಕೂತಿದ್ದ ನಾನು, ಡ್ರೈವರ್ ತಪ್ಪಾಗಿ ತಿರುಗಿಸುವುದನ್ನು ಕಂಡು ತಡೆಯಲಾರದೆ ಎದ್ದೇಬಿಟ್ಟೆ. ರಸ್ತೆ ಮಧ್ಯೆ ನಿಂತು ಟವೆಲ್ ಬೀಸಿದೆ. "ಬರ್ಲಿ... ಕಟ್ ಮಾಡು... ಹಿಂದಕ್ಕೆ!" ಏನಾಶ್ಚರ್ಯ, ಅಷ್ಟು ದೊಡ್ಡ ಲಾರಿ ನನ್ನ ಮಾತು ಕೇಳಿತು! ಯಾವ ತರಗತಿಯೂ ಹೀಗೆ ಕೇಳಿರಲಿಲ್ಲ. ಸಾಬರು ಹಿಂದಿನ ಚಕ್ರದ ಉಸ್ತುವಾರಿ ವಹಿಸಿಕೊಂಡರು. ಜನ ಶಿಳ್ಳೆ ಹೊಡೆದರು. ಇನ್ನೇನು ತಿರುಗಿತು ಎನ್ನುವಾಗ ಚಕ್ರಕ್ಕೆ ಕಲ್ಲು ಅಡ್ಡ ಸಿಕ್ಕಿತು. ನನಗೆ ಮೈಯೆಲ್ಲ ಉರಿದುಹೋಯಿತು.

"ಯಾವನ್ದಲೇ ಆ ಜಗಲಿ, ರಸ್ತೆ ಮೇಲೆ? ಒಡೀರಿ ಅದನ್ನ!" ಎಂದು ಕೂಗಿದೆ.

"ಒಡೀರಿ, ಒಡೀರಿ!" ಎಂದು ಸಾಬರೂ ದನಿಗೂಡಿಸಿದರು.

ಬಾಗಿಲಲ್ಲಿ ನಿಂತಿದ್ದ ಗಿರಿಜೆ ನಗುತ್ತಾ ಏನೋ ಹೇಳಿದಳು. ಹಾರೆ ಸದ್ದಿನಲ್ಲಿ ಕೇಳಿಸಲಿಲ್ಲ. ರೆಕ್ಕೆ ಸರಾಗವಾಗಿ ತಿರುಗಿ ಗುಡ್ಡದ ದಾರಿ ಹಿಡಿಯಿತು. ಜನ ಚಪ್ಪಾಳೆ ತಟ್ಟಿದರು. ನಾನು ಬೆವರು ಒರೆಸಿಕೊಂಡು, "ಬನ್ನಿ ಸಾಬರೇ, ಸುಸ್ತಾಯ್ತು, ಜಗಲಿ ಮೇಲೆ ಒಂದ್ಗಳಿಗೆ ಕೂರೋಣ" ಎಂದು ಮನೆ ಕಡೆ ತಿರುಗಿದೆ.