ದೇವರಕಾಡಿನ ಭಯವನ್ನು ಮರುಭರ್ತಿ ಮಾಡುವ ಬಗ್ಗೆ

ಸುತ್ತೋಲೆ ಸಂಖ್ಯೆ: ಇಲಾಖೆ/ಭಯ/ಕುರುಚಲು/07/2024-25
ಸ್ಥಳ: ಚನ್ನರಾಯಪಟ್ಟಣ

ವಿಷಯ: ನುಗ್ಗೇಹಳ್ಳಿ ಹೋಬಳಿಯ ದೇವರಕಾಡಿನಲ್ಲಿ ಚಿತ್ರೀಕರಿಸಲಾದ ‘ಕರಾಳ ಕುರುಚಲು’ ಎಂಬ ಕೊಲೆ ಚಿತ್ರವನ್ನು ನೋಡಿ ಸಾರ್ವಜನಿಕರು ಹೆದರದೇ ಇದ್ದ ಕುರಿತು.

ಉಲ್ಲೇಖ: (1) ಕಾವಲುಗಾರ ರುದ್ರಯ್ಯನವರ ಮೌಖಿಕ ವಿವರಣೆ. (2) ಕಾಡಿನ ದಾರಿಯಲ್ಲಿ ಟೀ ಅಂಗಡಿ ನಡೆಸುವ ಬಸವಲಿಂಗಮ್ಮನವರ ದೂರು (ಬರೆದುಕೊಡಲು ನಿರಾಕರಿಸಿರುತ್ತಾರೆ).

ಪ್ರಸ್ತಾವನೆ:

ಸದರಿ ಕಾಡಿಗೆ ಬೇಲಿ ಇರುವುದಿಲ್ಲ. ಬೇಲಿಯ ಕೆಲಸವನ್ನು ತಲೆಮಾರುಗಳಿಂದ ಜನರ ಭಯವೇ ನಿರ್ವಹಿಸಿಕೊಂಡು ಬಂದಿದ್ದು, ಅದರ ಮೇಲ್ವಿಚಾರಣೆಗೆ ರುದ್ರಯ್ಯನವರನ್ನು ನೇಮಿಸಲಾಗಿದೆ. ಅವರು ಎತ್ತರದ ಆಳು, ಮಾತು ಕಡಿಮೆ. ದಾರಿಯಲ್ಲಿ ಎದುರಾದವರನ್ನು ‘ಊಟ ಆಯ್ತಾ’ ಎಂದು ಕೇಳುವುದನ್ನು ಬಿಟ್ಟರೆ ಅವರಿಗೆ ಬೇರೆ ಮಾತಿನ ಅಗತ್ಯ ಬಿದ್ದಂತೆ ಕಡತದಲ್ಲಿ ಕಂಡುಬರುವುದಿಲ್ಲ. ಆ ಎತ್ತರವನ್ನೂ ಆ ಮೌನವನ್ನೂ ಗಮನಿಸಿದ, ಪಟ್ಟಣದಲ್ಲಿ ಮದುವೆ ವಿಡಿಯೊ ತೆಗೆಯುವ ಸಿದ್ದೇಶ್ವರ ಎಂಬುವವರು ತಮ್ಮ ಮೊದಲ ಚಿತ್ರಕ್ಕೆ ಅವರನ್ನೇ ಕೊಲೆಗಾರನನ್ನಾಗಿ ಆರಿಸಿಕೊಂಡರು. ಮುಖಕ್ಕೆ ತೆಂಗಿನ ನಾರಿನ ಮುಖವಾಡ ಒದಗಿಸಲಾಯಿತು. ಮಚ್ಚು ರುದ್ರಯ್ಯನವರ ಸ್ವಂತದ್ದು.

ದೇವರಕಾಡಿನೊಳಗೆ ಚಪ್ಪಲಿ ಮೆಟ್ಟಿಕೊಂಡು ಹೋಗುವ ಪದ್ಧತಿ ಇಲ್ಲ. ಆದ್ದರಿಂದ ಕೊಲೆಗಾರನು ಪ್ರತಿ ಕೊಲೆಗೂ ಮುನ್ನ ಕಾಡಿನ ಅಂಚಿನಲ್ಲಿ ಚಪ್ಪಲಿ ಬಿಟ್ಟು, ಅವನ್ನು ಜೋಡಿಸಿಟ್ಟು ಒಳಗೆ ಹೋಗುವುದು ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಬಲಿಯಾಗಬೇಕಾದವರ ಎದುರು ಮಚ್ಚೆತ್ತಿ ನಿಂತಾಗ ರುದ್ರಯ್ಯನವರು ಅಭ್ಯಾಸಬಲದಿಂದ ‘ಊಟ ಆಯ್ತಾ’ ಎಂದು ಕೇಳಿದ್ದಾರೆ. ನಾಯಕಿ, ಅರಕಲಗೂಡಿನ ಭವ್ಯಶ್ರೀ, ಆಗ ಕಿರುಚಬೇಕಿತ್ತು. ಅವರೂ ಅಭ್ಯಾಸಬಲದಿಂದ ‘ಆಯ್ತು, ನಿಮ್ದು?’ ಎಂದಿದ್ದಾರೆ. ಡಬ್ಬಿಂಗ್ ಮಾಡಿಸಲು ನಿರ್ಮಾಪಕರಿಗೆ ಶಕ್ತಿ ಉಳಿಯದ ಕಾರಣ ಈ ಕುಶಲೋಪರಿ ಹಾಗೆಯೇ ಬಿಡುಗಡೆಯಾಗಿದೆ.

ಚಿತ್ರಮಂದಿರದಲ್ಲಿ ಪರದೆಯ ಮೇಲೆ ಚಪ್ಪಲಿ ಕಂಡೊಡನೆ ಪ್ರೇಕ್ಷಕರು ‘ಬಂದ ಕಣ್ಲಾ, ಉಂಡೋರೆಲ್ಲ ಕೈ ಎತ್ರಲಾ’ ಎಂದು ಕೂಗಿ ನಕ್ಕಿರುತ್ತಾರೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹಿಂದಿನ ಸಾಲಿನಲ್ಲಿ ಕುಳಿತಿದ್ದ ರುದ್ರಯ್ಯನವರು ಅರ್ಧಕ್ಕೇ ಎದ್ದು ಹೋದರು. ಅವರು ಎದ್ದು ಹೋದದ್ದು ಯಾರ ಗಮನಕ್ಕೂ ಬಂದಿಲ್ಲವೆಂದು ವರದಿಯಾಗಿದೆ.

ತರುವಾಯ ಯುವಕರು ಕಾಡಿಗೆ ನುಗ್ಗಿ ರೀಲ್ಸ್ ಮಾಡುತ್ತಿದ್ದು, ರುದ್ರಯ್ಯನವರನ್ನು ಕಂಡಲ್ಲಿ ‘ಊಟ ಆಯ್ತಾ ರುದ್ರಣ್ಣ’ ಎಂದು ಕೇಳಿ, ತಮ್ಮ ಕತ್ತು ತಾವೇ ಹಿಡಿದುಕೊಂಡು ನೆಲಕ್ಕೆ ಬೀಳುತ್ತಿದ್ದಾರೆ. ಅಂದಿನಿಂದ ರುದ್ರಯ್ಯನವರು ಯಾರನ್ನೂ ಏನನ್ನೂ ಕೇಳುತ್ತಿಲ್ಲ. ವಿವರಣೆ ಕೋರಿದಾಗ, “ಅಸ್ಕಂಡಿರೋರ್ನ ಕೊಲ್ಲೋದು ಎಂಗೆ ಸಾ? ಅದ್ಕೇ ಕೇಳ್ದೆ” ಎಂದಷ್ಟೇ ಹೇಳಿ ಮುಂದಿನ ಪ್ರಶ್ನೆಗಳಿಗೆ ಸುಮ್ಮನಿದ್ದರು. ಸದರಿ ಮೌನವನ್ನು ಕಡತಕ್ಕೆ ಲಗತ್ತಿಸಲಾಗಿದೆ.

ಈ ಎಲ್ಲವನ್ನೂ ಕೂಲಂಕಷವಾಗಿ ಪರಿಶೀಲಿಸಿ, ಸಂಬಂಧಪಟ್ಟವರೆಲ್ಲರಿಗೂ ಈ ಕೆಳಕಂಡಂತೆ ಸೂಚಿಸಲಾಗಿದೆ:

1. ಚಿತ್ರ ನೋಡುವುದಕ್ಕೆ ಮುಂಚೆ ಇದ್ದಷ್ಟೇ ಭಯವನ್ನು ಸಾರ್ವಜನಿಕರು ಕೂಡಲೇ ಮರುಭರ್ತಿ ಮಾಡಿಕೊಳ್ಳತಕ್ಕದ್ದು. ಮುಂಚೆಯೂ ಭಯ ಇರಲಿಲ್ಲ ಎನ್ನುವವರು ಅಕ್ಕಪಕ್ಕದ ಮನೆಯವರಿಂದ ದೃಢೀಕರಣ ತರತಕ್ಕದ್ದು.

2. ಮುಂದೆ ಈ ಕಾಡಿನಲ್ಲಿ ಕೊಲೆ ಮಾಡಬಯಸುವ ಪಾತ್ರಧಾರಿಗಳು ಕ್ಯಾಮೆರಾಕ್ಕೆ ಕಾಣದ ಕಡೆ ಚಪ್ಪಲಿ ಬಿಡತಕ್ಕದ್ದು. ಬಿಡದೇ ಹೋಗುವಂತಿಲ್ಲ.

3. ರಕ್ತಕ್ಕಾಗಿ ಬೆಲ್ಲದ ಪಾಕ ಬಳಸಿದ್ದರಿಂದ ಇರುವೆ ಮುತ್ತಿ, ಎರಡನೇ ಶವವು ಬೆನ್ನು ಕೆರೆದುಕೊಂಡಿರುವುದು ಗಮನಕ್ಕೆ ಬಂದಿದೆ. ಇನ್ನು ಮುಂದೆ ಶವಗಳು ಕೆರೆದುಕೊಳ್ಳುವುದನ್ನು ನಿಷೇಧಿಸಲಾಗಿದೆ. ತೀರಾ ಅನಿವಾರ್ಯವಾದಲ್ಲಿ ಪಕ್ಕದ ಶವದ ನೆರವು ಪಡೆಯಬಹುದು.

4. ಬಲಿಯಾಗುವವರು ‘ಇನ್ನೂ ಊಟ ಆಗಿಲ್ಲ’ ಎಂದಲ್ಲಿ ಕೊಲೆಯನ್ನು ಊಟದ ನಂತರಕ್ಕೆ ಮುಂದೂಡತಕ್ಕದ್ದು. ಮುದ್ದೆ ಇದ್ದಲ್ಲಿ ಕೊಲೆಗಾರನಿಗೂ ಬಡಿಸತಕ್ಕದ್ದು. ಉಂಡ ಮನೆಯವರನ್ನು ಆಮೇಲೆ ಕೊಲ್ಲಬಹುದೇ ಎಂಬ ಬಗ್ಗೆ ಮೇಲಧಿಕಾರಿಗಳಿಂದ ಸ್ಪಷ್ಟೀಕರಣ ಕೋರಲಾಗಿದ್ದು, ಉತ್ತರ ಬರುವವರೆಗೆ ಯಾರನ್ನೂ ಕೊಲ್ಲುವಂತಿಲ್ಲ.

5. ಕಾಡಿನೊಳಗೆ ನಗುವುದನ್ನು ನಿರ್ಬಂಧಿಸಲಾಗಿದೆ. ಒಳಗೆ ನಗು ಬಂದವರು ಹೊರಗೆ ಬಂದು, ಚಪ್ಪಲಿ ಮೆಟ್ಟಿಕೊಂಡು, ಆಮೇಲೆ ನಗತಕ್ಕದ್ದು. ನವಿಲುಗಳು ಕೂಗುತ್ತಿರುವ ಬಗ್ಗೆಯೂ ದೂರು ಬಂದಿದ್ದು, ಅವುಗಳ ಕೂಗು ಮೊದಲಿನಿಂದಲೂ ಕಾಡಿನ ಮೌನದಲ್ಲೇ ಸೇರಿತ್ತೆಂದು ಸ್ಥಳ ಪರಿಶೀಲನೆಯಿಂದ ದೃಢಪಟ್ಟ ಕಾರಣ ಕ್ರಮ ಕೈಬಿಡಲಾಗಿದೆ.

6. ಬಸವಲಿಂಗಮ್ಮನವರ ದೂರು ಇಂತಿದೆ: “ಜನ ಟೀ ಕುಡೀತಾರೆ, ಚಿಲ್ರೆ ಇಸ್ಕತಾರೆ, ಓಯ್ತಾರೆ. ನಂದು ಊಟ ಆಯ್ತಾ ಅಂತ ಕೇಳ್ತಿದ್ದೋನು ಆ ವಯ್ಯ ಒಬ್ನೇ ಕಣಪ್ಪ. ಈಗ ಅವ್ನೂ ತಲೆ ಬಗ್ಗಿಸ್ಕಂಡು ಓಯ್ತಾನೆ. ನೀವೇನ್ ಇಲಾಖೆನೋ ಎತ್ಲಾಗೋ, ಅವ್ನ ಬಾಯಿ ಬಿಡ್ಸಿ.” ಈ ವಿಷಯವು ಯಾವ ಶಾಖೆಯ ವ್ಯಾಪ್ತಿಗೂ ಬರುವುದಿಲ್ಲ. ಎಲ್ಲ ಶಾಖೆಗಳೂ ಇದನ್ನು ಓದಿ, ಹಿಂದಿರುಗಿಸದೆ, ಇಟ್ಟುಕೊಂಡಿರುತ್ತವೆ.

7. ಆದುದರಿಂದ, ರುದ್ರಯ್ಯನವರನ್ನು ಕಂಡವರು ತಾವೇ ಮೊದಲಾಗಿ ಅವರ ಊಟದ ಬಗ್ಗೆ ವಿಚಾರಿಸತಕ್ಕದ್ದು. ಹಾಗೆ ವಿಚಾರಿಸುವಾಗ ಕತ್ತು ಹಿಡಿದುಕೊಳ್ಳತಕ್ಕದ್ದಲ್ಲ.

(ಸಹಿ/-)
ಸಕ್ಷಮ ಪ್ರಾಧಿಕಾರಿಗಳ ಪರವಾಗಿ
(ಅವರು ಊಟಕ್ಕೆ ತೆರಳಿರುತ್ತಾರೆ)

ಪ್ರತಿಗಳು:

1. ಶ್ರೀ ಸಿದ್ದೇಶ್ವರ, ಚನ್ನರಾಯಪಟ್ಟಣ: ಎರಡನೇ ಭಾಗ ತೆಗೆಯಬಾರದೆಂಬ ಕೋರಿಕೆಯೊಂದಿಗೆ.
2. ಕುಮಾರಿ ಭವ್ಯಶ್ರೀ, ಅರಕಲಗೂಡು: ಕಿರುಚುವ ಅಭ್ಯಾಸಕ್ಕಾಗಿ.
3. ಎರಡನೇ ಶವ, ಮೊಸಳೆ ಗ್ರಾಮ: ಮಾಹಿತಿಗಾಗಿ.
4. ಶ್ರೀಮತಿ ಬಸವಲಿಂಗಮ್ಮ: ಓದಿ ಹೇಳತಕ್ಕದ್ದು. ಟೀ ಕುಡಿದು ಬರತಕ್ಕದ್ದು.
5. ಕಾವಲುಗಾರ ಶ್ರೀ ರುದ್ರಯ್ಯ: ಅಂಚೆಯಲ್ಲಿ ಕಳಿಸದೆ ಖುದ್ದಾಗಿ ತಲುಪಿಸತಕ್ಕದ್ದು. ಒಯ್ಯುವ ನೌಕರರು ಕಾಡಿನ ಅಂಚಿನಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಊಟ ಆಯ್ತಾ ಎಂದು ಕೇಳಿ, ಅವರು ತಿರುಗಿ ‘ನಿಮ್ದು?’ ಎನ್ನುವವರೆಗೂ ಅಲ್ಲಿಯೇ ಕಾಯತಕ್ಕದ್ದು. ಎಷ್ಟು ಹೊತ್ತಾದರೂ ಅದನ್ನು ಕರ್ತವ್ಯದ ಅವಧಿ ಎಂದೇ ಪರಿಗಣಿಸಲಾಗುವುದು.