ದ್ರಾಕ್ಷಿತೋಟಕ್ಕೆ ಇಬ್ಬರು

ಒಂಟಿಯಾಗಿರುವುದು ಅಪರಾಧವಲ್ಲ, ಆದರೆ ಅರ್ಜಿಯಲ್ಲಿ ಅದನ್ನು ನಮೂದಿಸುವ ಅಂಕಣವನ್ನು ಎಲ್ಲರೂ ಕಡೆಗೆ ತುಂಬುತ್ತಾರೆ ಎಂಬುದನ್ನು ಮೊದಲೇ ಓದುಗರ ಅವಗಾಹನೆಗೆ ತರಬಯಸುತ್ತೇನೆ. ಹೊಸೂರಿನ ಕಾರ್ಖಾನೆಯೊಂದರ ಉಗ್ರಾಣದಲ್ಲಿ ಗುಮಾಸ್ತನಾಗಿರುವ ನಾನು ಅವಿವಾಹಿತ. ಕೂಡಿಟ್ಟ ರಜೆಯನ್ನೆಲ್ಲ ಒಮ್ಮೆಲೇ ಬಳಸಿ, ಯೂರೋಪಿನ ಸ್ಲೊವೇನಿಯಾ ಎಂಬ ಪುಟ್ಟ ದೇಶದ ಹಳ್ಳಿ, ದ್ರಾಕ್ಷಿತೋಟಗಳನ್ನು ಕಂಡು, ಅಲ್ಲಿನ ವೈನಿನ ರುಚಿ ನೋಡಿ ಬರುವುದೆಂದು ತೀರ್ಮಾನಿಸಿದೆ. ಸದರಿ ವಿಷಯವನ್ನು ಮನೆಯ ಮಾಲೀಕರಾದ ಮುನಿಯಮ್ಮನವರಿಗೆ ತಿಳಿಸಿದಾಗ, ಅವರು ರಾಗಿ ಕೇರುವುದನ್ನು ನಿಲ್ಲಿಸಿದರು.

“ಒಬ್ನೇನಾ?”

“ಒಬ್ನೇ ಅಮ್ಮ.”

“ಅಲ್ಲಿ ಯಾರ್ ಜತೆ ಮಾತಾಡ್ತೀಯಪ್ಪ? ತೋಟ ನೋಡಕ್ಕಾದ್ರೆ ಜವಳಗಿರಿ ಕಾಡ್ ಕಡೆ ಹೋಗ್ಬುಟ್ಟು ಬಾ. ಜತೆಗೆ ಆನೆನಾದ್ರೂ ಸಿಕ್ತದೆ.”

ಆ “ಒಬ್ನೇನಾ” ಬ್ರೌಸಿಂಗ್ ಸೆಂಟರಿನವರೆಗೂ ನನ್ನ ಬೆನ್ನು ಹತ್ತಿತು. ದ್ರಾಕ್ಷಿತೋಟದ ಮನೆಯೊಂದರಲ್ಲಿ ಊಟಕ್ಕಾಗಿ ಪ್ರವಾಸ ಸಂಸ್ಥೆಯ ನಮೂನೆ ತುಂಬುವಾಗ, ಬರುವವರ ಸಂಖ್ಯೆ ಎಂಬಲ್ಲಿ ಇಬ್ಬರು ಎಂದು ಬರೆದುಬಿಟ್ಟೆ.

ಗುಡ್ಡದ ಮೇಲಿನ ಆ ಮನೆಯಲ್ಲಿ ವೃದ್ಧ ದಂಪತಿ ಎರಡು ಕುರ್ಚಿ, ಎರಡು ಗ್ಲಾಸು ಇಟ್ಟು ಕಾದಿದ್ದರು. ಅವರಿಗೆ ತಮ್ಮ ಭಾಷೆಯ ಹೊರತು ಬೇರೊಂದು ಬಾರದು. ಕನ್ನಡ, ತಮಿಳು, ತೆಲುಗು ಮೂರನ್ನೂ ಬಲ್ಲ ನಾನು ಅಲ್ಲಿ ಮೂಕನಾದೆ. ಅಜ್ಜ ಎರಡು ಬೆರಳು ತೋರಿಸಿ, ಖಾಲಿ ಕುರ್ಚಿಯತ್ತ ಹುಬ್ಬೇರಿಸಿದರು. ಸತ್ಯ ತಿಳಿಸಲು ಧೈರ್ಯ ಸಾಲದೆ ನಾನು ರಸ್ತೆಯತ್ತ ಕೈ ಮಾಡಿದೆ. ಇನ್ನೊಬ್ಬರು ಬರುವ ಮುನ್ನ ಸೀಸೆ ತೆರೆಯುವುದು ಮರ್ಯಾದೆಯಲ್ಲವೆಂದೋ ಏನೋ, ಅವರು ಅದನ್ನು ಮುಟ್ಟಲಿಲ್ಲ. ಒಂದು ಗಂಟೆ ಮೂವರೂ ರಸ್ತೆ ನೋಡುತ್ತ ಕುಳಿತೆವು. ಕಡೆಗೆ ಅಜ್ಜ ಕೋಲು ಹಿಡಿದು, ನನ್ನ ಜೊತೆಗಾರನನ್ನು ಹುಡುಕಲು ಇಳಿಜಾರಿನಲ್ಲಿ ಕುಂಟುತ್ತ ಹೊರಟೇಬಿಟ್ಟರು. ಮಂಡಿನೋವಿನ ಮನುಷ್ಯ. ಓಡಿಹೋಗಿ ಅಡ್ಡ ನಿಂತೆ. ಎರಡು ಬೆರಳು ತೋರಿಸಿ, ಒಂದನ್ನು ಮಡಿಸಿ, ಇಲ್ಲವೆಂದು ತಲೆಯಾಡಿಸಿದೆ. ಅವರ ಮುಖ ನೋಡಲಾರದೆ ಆಕಾಶ ನೋಡಿದೆ.

ಅಜ್ಜ ನಿಧಾನವಾಗಿ ಟೋಪಿ ತೆಗೆದು, ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು. ನನ್ನ ಜೊತೆಗಾರ ತೀರಿಕೊಂಡನೆಂದು ಅವರು ಭಾವಿಸಿದ್ದರು.

ಆಮೇಲೆ ಅಜ್ಜಿ ನನ್ನನ್ನು ತಬ್ಬಿಕೊಂಡು ಅತ್ತರು. ಎರಡೂ ಗ್ಲಾಸಿಗೆ ವೈನು ಸುರಿದು, ಒಂದನ್ನು ಖಾಲಿ ಕುರ್ಚಿಯ ಮುಂದಿಟ್ಟರು. ವೈನು ಬೆಲ್ಲ ಹಾಕಲು ಮರೆತ ಪಾನಕದಂತಿತ್ತು. ತಪ್ಪನ್ನು ತಿದ್ದಲು ನನ್ನ ಬಳಿ ಭಾಷೆಯಿರಲಿಲ್ಲ; ಸ್ವಲ್ಪ ಹೊತ್ತಿನ ಬಳಿಕ ಇಚ್ಛೆಯೂ ಇರಲಿಲ್ಲ. ನನ್ನ ಹೆಗಲ ಮೇಲೆ ಯಾರಾದರೂ ಕೈಯಿಟ್ಟು ಬಹಳ ವರ್ಷಗಳಾಗಿದ್ದವು. ನಾನೂ ಮನಸಾರೆ ಅತ್ತೆ. ತೀರಿಕೊಂಡವರು ಯಾರೆಂಬುದು ಮಾತ್ರ ಈವರೆಗೆ ಇತ್ಯರ್ಥವಾಗಿಲ್ಲ.