ಮುದ್ರೆ ಬಿದ್ದ ಸ್ವರ್ಗ

ರಾತ್ರಿ ಒಂದೂವರೆಗೆ ಒಳಕೋಣೆಯಲ್ಲಿ ‘ಟಿಣ್’ ಎಂದಿತು. ಹಾಸಿಗೆ ಹಿಡಿದಿದ್ದ ಅಮ್ಮ ಲೋಟಕ್ಕೆ ಚಮಚ ತಾಗಿಸಿದರೆ ‘ಬಾ’ ಎಂದರ್ಥ. ಮಗ ಎದ್ದು ಹೋದ.

ಅವನು ಅಳತೆ ತೂಕದ ಇನ್ಸ್‌ಪೆಕ್ಟರ್. ಅಂಗಡಿಯ ತಕ್ಕಡಿಗಳನ್ನು ಸರ್ಕಾರದ ತೂಕದ ಕಲ್ಲಿಟ್ಟು ಪರೀಕ್ಷಿಸಿ, ಸರಿಯಿದ್ದರೆ ಮಾತ್ರ ಮುದ್ರೆ ಒತ್ತುವ ಕೆಲಸ. ಇಪ್ಪತ್ತೆಂಟು ವರ್ಷಗಳಲ್ಲಿ ಕಣ್ಣಾರೆ ಕಾಣದ ಯಾವುದಕ್ಕೂ ಅವನು ಹೌದೆಂದಿರಲಿಲ್ಲ. ಬೀದಿಯವರು ಅವನನ್ನೇ ತಕ್ಕಡಿ ಎಂದು ಕರೆಯುತ್ತಿದ್ದರು.

“ಲೋ, ಸತ್ತ ಮೇಲೆ ಏನಾದ್ರೂ ಇರತ್ತೇನೋ?” ಎಂದಳು ಅಮ್ಮ.

“ಇಲ್ಲಮ್ಮ. ದೀಪ ಆರಿದ ಹಾಗೆ, ಅಷ್ಟೇ.”

“ಅಲ್ಲಿ ಯಾರೂ ಇರಲ್ವಾ?”

“ಯಾರೂ ಇರಲ್ಲ.”

ಅಮ್ಮ ಉದ್ದನೆಯ ಉಸಿರು ಬಿಟ್ಟು ಗೋಡೆಯ ಕಡೆ ಹೊರಳಿದಳು. ವಾರದಿಂದ ನಿದ್ದೆ ಇಲ್ಲದವಳು ಐದೇ ನಿಮಿಷದಲ್ಲಿ ಗೊರಕೆ ಹೊಡೆಯತೊಡಗಿದಳು. ನಿದ್ದೆ ಬಾರದೆ ಹೊರಳಾಡಿದವನು ತಕ್ಕಡಿ. ಅಮ್ಮ ಹಾಗೆ ಆರಿಹೋಗುವುದು ಅವನಿಗೇನು ಬೇಕಾಗಿತ್ತೇ?

ಪಕ್ಕದ ಕೋಣೆಯಲ್ಲಿ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮಾತು ಬೆಳಗ್ಗೆ ಆರಕ್ಕೆ ಮಹಡಿಯ ನರ್ಸಮ್ಮನಿಗೆ, ಆರೂವರೆಗೆ ಕೆಳಗಿನ ಟೈಲರ್‌ಗೆ, ಏಳಕ್ಕೆ ಫೋನಿನಲ್ಲಿ ಅವನ ಅಕ್ಕನಿಗೆ ತಲುಪಿತು.

ಇಂಜೆಕ್ಷನ್ ಕೊಡಲು ಬಂದ ನರ್ಸಮ್ಮ ಸೂಜಿಯನ್ನು ಅವನ ಕಡೆಗೇ ತಿರುಗಿಸಿದಳು. “ಹಾಸಿಗೆ ಹಿಡಿದೋರ ಹತ್ರ ಹೀಗೆ ಮಾತಾಡ್ತಾರೇನ್ರೀ? ನಾನು ಮೂವತ್ತು ವರ್ಷದಿಂದ ಎಲ್ಲರಿಗೂ ‘ನಾಳೆ ಮನೆಗೆ ಹೋಗ್ತೀರ’ ಅಂತಾನೇ ಹೇಳಿರೋದು.”

“ಹೋದ್ರಾ?”

“ಅದಲ್ಲ ಮುಖ್ಯ!”

ಮೆಟ್ಟಿಲ ಬಳಿ ಟೈಲರ್ ಕಾದಿದ್ದ. “ಗಿರಾಕಿ ದಪ್ಪ ಇದ್ರೆ ದಪ್ಪ ಅಂತೀನಾ ಸಾರ್? ಮಾತಾಡದೆ ಎರಡಿಂಚು ಜಾಸ್ತಿ ಬಿಟ್ಟು ಹೊಲೀತೀನಿ. ಸ್ವರ್ಗಾನೂ ಸ್ವಲ್ಪ ಸಡಿಲ ಹೊಲೀರಿ.”

ಮಧ್ಯಾಹ್ನ ಅಕ್ಕ ಬಸ್ಸಿಳಿದು ಚೀಲದ ಸಮೇತ ನುಗ್ಗಿದಳು. “ಅಮ್ಮ ಬೆಳಗ್ಗೆಯಿಂದ ಒಂದು ಮಾತ್ರೇನೂ ನುಂಗಿಲ್ವಂತೆ! ಬದುಕೋ ಆಸೇನೇ ಕಿತ್ಹಾಕಿದೀಯಲ್ಲೋ, ಪಾಪಿ! ಸಂಜೆಯೊಳಗೆ ಸ್ವರ್ಗ ಇದೆ ಅನ್ನು. ಇಲ್ದಿದ್ರೆ ನನಗೆ ತಮ್ಮನೇ ಇಲ್ಲ.”

ತಕ್ಕಡಿ ಕೋಣೆಗೆ ಇಣುಕಿದ. ಅಮ್ಮ ಗೋಡೆ ನೋಡಿಕೊಂಡು ಒಬ್ಬಳೇ ನಗುತ್ತಿದ್ದಳು. ತಲೆ ಕೆಟ್ಟಿದೆ ಎಂದು ಅಕ್ಕ ತೀರ್ಮಾನಿಸಿದಳು. ತಕ್ಕಡಿ ಬಾಗಿಲಿಂದ ಹಿಂದೆ ಸರಿದ. ಅಮ್ಮನನ್ನು ತಾನೇ ಕೊಲ್ಲುತ್ತಿದ್ದೇನೆಯೇ?

ಬಚ್ಚಲಿಗೆ ಹೋಗಿ ಕನ್ನಡಿಯೆದುರು ‘ಸ್ವರ್ಗ ಇದೆ’ ಎನ್ನುವ ಅಭ್ಯಾಸ ಮಾಡಿದ. ನಾಲಗೆ ತುಕ್ಕು ಹಿಡಿದ ತಕ್ಕಡಿಯ ಮುಳ್ಳಿನಂತೆ ಅಲ್ಲಾಡಲೇ ಇಲ್ಲ. ಕೊನೆಗೆ, ಹೇಳುವುದಾದರೆ ತಪಾಸಣೆಯ ವರದಿಯ ಹಾಗೆ ಒಂದು ಅಂಕಣವನ್ನೂ ಖಾಲಿ ಬಿಡದೆ ಹೇಳಬೇಕು ಎಂದು ನಿಶ್ಚಯಿಸಿದ.

ಸಂಜೆ ಎಲ್ಲರೂ ಮಂಚದ ಸುತ್ತ ನಿಂತರು.

“ಅಮ್ಮಾ, ರಾತ್ರಿ ಹೇಳಿದ್ದು ತಪ್ಪು. ಮತ್ತೆ ಪರಿಶೀಲಿಸಿದೆ. ಸ್ವರ್ಗ ಇದೆ.”

ಅಮ್ಮನ ನಗು ನಿಂತಿತು. “ಯಾರ್ಯಾರಿದಾರೆ?”

“ಅಪ್ಪ ಇದಾರೆ. ಬಾಗಿಲಲ್ಲೇ ಕುರ್ಚಿ ಹಾಕ್ಕೊಂಡು ನಿನ್ನ ದಾರಿ ನೋಡ್ತಿದಾರೆ. ಇನ್ಮೇಲೆ ಯಾವಾಗ್ಲೂ ಜೊತೇಲೇ, ಅದಕ್ಕೆ ಕೊನೆ ಅನ್ನೋದೇ ಇಲ್ಲ.”

ಅಮ್ಮನ ಕಣ್ಣಲ್ಲಿ ನೀರು ತುಂಬಿತು. ಅಕ್ಕ ಬಿಕ್ಕಿದಳು. ಟೈಲರ್ ಕೊರಳ ಟೇಪಿನಲ್ಲೇ ಕಣ್ಣೊರೆಸಿಕೊಂಡ.

“ಎಲ್ರೂ ಹೊರಗೆ ಹೋಗಿ. ಇವನೊಬ್ಬ ಇರಲಿ,” ಎಂದಳು ಅಮ್ಮ.

ಬಾಗಿಲು ಮುಚ್ಚಿದ ಕೂಡಲೇ ಅವನ ಮಣಿಕಟ್ಟು ಹಿಡಿದಳು. “ಅದೇ ಕುರ್ಚೀನಾ?”

“ಯಾವ ಕುರ್ಚಿ?”

“ನಲವತ್ನಾಲ್ಕು ವರ್ಷ ಕೂತಲ್ಲಿಂದಲೇ ನನ್ನ ಕೂಗ್ತಿದ್ರಲ್ಲ, ಆ ಕುರ್ಚಿ. ಉಪ್ಪು ಜಾಸ್ತಿ ಆಯ್ತು, ಬಿಸಿನೀರು ಆರಿಹೋಯ್ತು, ಎಲ್ಲಿ ಸತ್ತೆ ಅಂತ. ಅವರು ಹೋದ ಮೇಲೆ ಒಂಬತ್ತು ವರ್ಷ ಉಸಿರಾಡಿದೀನಿ. ಅಲ್ಲಿ ಯಾರೂ ಇಲ್ಲ ಅಂತ ನೀನು ನಿನ್ನೆ ಹೇಳಿದಾಗ ಎಷ್ಟು ಹಾಯಾಗಿತ್ತು ಗೊತ್ತೇನೋ? ಇನ್ನು ಮಾತ್ರೆ ಯಾಕೆ, ಸುಮ್ನೆ ಹೋಗಿಬಿಡೋಣ ಅನ್ಕೊಂಡಿದ್ದೆ.”

ತಕ್ಕಡಿ ಮಂಚದ ಮೇಲೆ ಬಾಗಿದ. “ಅಯ್ಯೋ ಅಮ್ಮಾ, ಸುಳ್ಳು! ಅಕ್ಕ ಹೇಳಿಸಿದ್ದು! ಅಲ್ಲಿ ಕುರ್ಚೀನೂ ಇಲ್ಲ, ಅಪ್ಪನೂ ಇಲ್ಲ, ಏನೂ ಇಲ್ಲ!”

ಅಮ್ಮ ಅವನ ಕೆನ್ನೆ ಸವರಿದಳು. “ಬೇಡ ಕಣೋ. ನೋಡದೆ ಮುದ್ರೆ ಒತ್ತೋನಲ್ಲ ನೀನು. ನಾನು ಹೆದರಿದ್ದು ನೋಡಿ ಈಗ ಸುಳ್ಳು ಹೇಳ್ತಿದೀಯ. ಹುಟ್ಟಿದಾಗಿಂದ ಇದೇ ಮೊದಲನೇ ಸಲ, ಅಲ್ವಾ?”

ಅವಳೇ ಮಾತ್ರೆಯ ಹಾಳೆಯತ್ತ ಕೈ ಚಾಚಿದಳು.

“ಆ ಮಾತ್ರೆ ಕೊಡು. ಎಷ್ಟು ದಿನ ತಳ್ಳೋಕಾಗುತ್ತೋ ತಳ್ತೀನಿ. ದೀಪ ಮಾತ್ರ ಆರಿಸಬೇಡ.”

ಅವನು ಹೊರಗೆ ಬಂದು ಬಾಗಿಲೆಳೆದುಕೊಂಡ. ಅವನ ಕೈಯಲ್ಲಿ ಖಾಲಿಯಾದ ಮಾತ್ರೆಯ ಹಾಳೆ ಕಂಡು ನರ್ಸಮ್ಮ ಗೆದ್ದವಳಂತೆ ತಲೆಯಾಡಿಸಿದಳು. ಟೈಲರ್ ಬೆನ್ನು ತಟ್ಟಿ, “ನೋಡಿ ಸಾರ್, ಅಳತೆ ತೆಗೆದ ಹಾಗೆ ಕೂತ್ಕೊಳ್ತು!” ಎಂದ.

“ಅಮ್ಮ ಏನಂದ್ಲೋ?” ಎಂದು ಕೇಳಿದಳು ಅಕ್ಕ.

“ಹಾಯಾಗಿದೆ ಅಂದ್ಲು.”

ಈ ಸುಳ್ಳಿಗೆ ಕನ್ನಡಿಯ ಅಭ್ಯಾಸ ಬೇಕಾಗಲಿಲ್ಲ. ಒಳಗೆ ‘ಟಿಣ್’ ಎಂದಿತು. ಅಮ್ಮ ಇನ್ನು ಪ್ರತಿ ರಾತ್ರಿ ಕರೆಯುತ್ತಾಳೆ, ಆ ಕುರ್ಚಿಯ ವಿಷಯವನ್ನೇ ಕೇಳುತ್ತಾಳೆ. ಏಕೆ ಕರೆಯುತ್ತಾಳೆಂದು ಯಾರು ಕೇಳಿದರೂ ಬಾಯಿ ಬಿಡಬಾರದು ಎಂದು ನಿರ್ಧರಿಸಿ ಅವನು ಬಾಗಿಲು ತಳ್ಳಿದ.